ಕೈಯ ಹಿಡಿತ: ದುಡಿಮೆಯ ಭಾರ, ಚಿಂತೆಯ ಭಾರ

(ರೈತರು ಮತ್ತು ಮಹಿಳಾ ಸಂಘದ ಸದಸ್ಯರು ಸೇರಿದ್ದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರ, ಬೀಜ, ಕೀಟನಾಶಕಗಳ ವಿಷಯವಾಗಿ ಮಾತನಾಡುವುದು ನನ್ನ ರೂಢಿ. ಈ ಸಲ ಅವನ್ನು ಬದಿಗಿಟ್ಟು ತಮ್ಮ ಕೈಯ ವಿಷಯವನ್ನೇ ಎತ್ತಿಕೊಂಡಿದ್ದೇನೆ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಆದರೆ ಕುಡುಗೋಲಿನಿಂದ ಹಿಡಿದು ಔಷಧಿ ಸಿಂಪಡಿಸುವ ಯಂತ್ರದವರೆಗೆ ನಾನು ತಮಗೆ ತೋರಿಸಿಕೊಡುವ ಸಾಧನಗಳಿಗೆಲ್ಲ ಒಂದು ಹಿಡಿ ಉಂಟು. ಆ ಹಿಡಿಯನ್ನು ಹಿಡಿಯುವ ಕೈ ತಮ್ಮದು. ಸಾಧನದ ಲೆಕ್ಕವನ್ನಷ್ಟೇ ಹೇಳಿ ಕೈಯ ಲೆಕ್ಕವನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದಂತಾಗುತ್ತದೆ. ರಾಗಿ ಕೊಯ್ಲು ಹತ್ತಿರ ಬಂದಿದೆ. ಆದ್ದರಿಂದ ಈ ಮಾತನ್ನು ಹೇಳುವುದಕ್ಕೆ ಇದೇ ಸಮಯ.

ನಮ್ಮ ಆಡುಮಾತನ್ನು ಸ್ವಲ್ಪ ಗಮನಿಸಿರಿ. ಇಡೀ ದಿನ ಕೊಯ್ದು ಬಂದ ಹೆಣ್ಣುಮಗಳು ‘ಕೈ ಸೋತುಹೋಯಿತು’ ಎನ್ನುತ್ತಾಳೆ. ಮನೆಯಲ್ಲಿ ಕಷ್ಟ ಬಂದಾಗ, ಒಂದು ಕಡ್ಡಿಯನ್ನೂ ಎತ್ತದೆ ಜಗಲಿಯ ಮೇಲೆ ಕುಳಿತಿದ್ದವನೂ ‘ಕೈಕಾಲೇ ಆಡುತ್ತಿಲ್ಲ’ ಎನ್ನುತ್ತಾನೆ. ಮೊದಲನೆಯ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಎರಡನೆಯದನ್ನು ಬರಿಯ ಬಾಯಿಮಾತೆಂದು ಬಿಡುತ್ತೇವೆ. ಸೋಮಾರಿತನವೆಂದು ಹಂಗಿಸುವವರೂ ಉಂಟು. ಎರಡೂ ನಿಜವೇ? ನಿಜವಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಅನೇಕರಿದ್ದಾರೆ. ಅವರು ಕಂಡುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಹಿಡಿತದ ಬಲ ಎಲ್ಲಿದೆ ಎಂಬುದನ್ನು ನೋಡೋಣ. ಬಲಗೈಯನ್ನು ಬಿಗಿಯಾಗಿ ಮುಷ್ಟಿ ಹಿಡಿದು, ಎಡಗೈಯಿಂದ ಮೊಣಕೈಯ ಕೆಳಭಾಗವನ್ನು ಮುಟ್ಟಿ ನೋಡಿರಿ. ಅಲ್ಲಿ ಗಂಟು ಕಟ್ಟಿದಂತೆ ಉಬ್ಬುವ ಸ್ನಾಯುಗಳೇ ನಿಮ್ಮ ಬೆರಳುಗಳನ್ನು ಮಡಿಸುವವು. ಬೆರಳಿನಲ್ಲಿರುವುದು ಬಹುಮಟ್ಟಿಗೆ ಹಗ್ಗ ಮಾತ್ರ. ಆ ಹಗ್ಗವನ್ನು ಸೇದುವವರು ಮುಂಗೈಯಲ್ಲಿ ನಿಂತಿದ್ದಾರೆ. ಈಗ ಮಣಿಕಟ್ಟನ್ನು ಒಳಕ್ಕೆ ಪೂರಾ ಬಗ್ಗಿಸಿ ಅಷ್ಟೇ ಬಿಗಿಯಾಗಿ ಮುಷ್ಟಿ ಹಿಡಿಯಲು ಪ್ರಯತ್ನಿಸಿರಿ. ಆಗುವುದಿಲ್ಲ. ಹಗ್ಗ ಸಡಿಲವಾಯಿತು. ಮಣಿಕಟ್ಟು ನೇರವಾಗಿ, ಸ್ವಲ್ಪ ಹಿಂದಕ್ಕೆ ವಾಲಿದಂತಿದ್ದಾಗಲೇ ಹಿಡಿತ ಗಟ್ಟಿ. ಮಣಿಕಟ್ಟನ್ನು ತಿರುಚಿಕೊಂಡೇ ದಿನವೆಲ್ಲ ಕೊಯ್ಯುವವರು ಅರ್ಧ ಬಲವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ ಎಂದರೆ ಹೆಚ್ಚಾಗಲಾರದು.

ಈ ಬಲವನ್ನು ಅಳೆಯುವುದಕ್ಕೆ ಯಂತ್ರವಿದೆ. ಪ್ಯಾರಿಸಿನ ರೆನ್ಯೇ ಎಂಬಾತನು 1798ರಲ್ಲಿಯೇ ಅಂಥ ಒಂದು ಉಕ್ಕಿನ ಸ್ಪ್ರಿಂಗಿನ ಯಂತ್ರವನ್ನು ಪ್ರಕಟಿಸಿದ್ದನು. ಈಗ ಆಸ್ಪತ್ರೆಗಳಲ್ಲಿ ಇರುವುದು ಅದರ ಮೊಮ್ಮಗನೆನ್ನಬಹುದು: ಹಿಡಿಯನ್ನು ಅಮುಕಿದರೆ ಮುಳ್ಳು ಇಷ್ಟು ಕಿಲೋಗ್ರಾಂ ಎಂದು ತೋರಿಸುತ್ತದೆ. ಈ ಅಳತೆ ಸಾಮಾನ್ಯವಾದುದೆಂದು ತಿಳಿಯಬೇಡಿರಿ. ನಮ್ಮ ದೇಶವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತವನ್ನು ಅಳೆದು, ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂದಿತು. ಭಾರತದ ಭಾಗದ ಕೆಲಸದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯದು ಮುಖ್ಯ ಪಾತ್ರ. ಹಿಡಿತ 5 ಕಿಲೋ ಕಡಿಮೆ ಇದ್ದವರಲ್ಲಿ ಸಾವಿನ ಸಂಭವ ನೂರಕ್ಕೆ 16ರಷ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು. ಇದನ್ನು ಕೇಳಿ ನಾಳೆಯಿಂದ ರಬ್ಬರಿನ ಚೆಂಡನ್ನು ಅಮುಕುತ್ತ ಕೂರಬೇಕಾಗಿಲ್ಲ. ಹಿಡಿತವು ದೇಹದ ಒಟ್ಟು ಸ್ಥಿತಿಗೆ ಹಿಡಿದ ಕನ್ನಡಿ. ಕನ್ನಡಿಯನ್ನು ಒರೆಸಿದರೆ ಮುಖ ತೊಳೆದಂತಾಗುವುದಿಲ್ಲ. ವಯಸ್ಸಾದವರಲ್ಲಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋಗಿಂತ ಕಡಿಮೆಯಾದರೆ ಗಮನ ಕೊಡಬೇಕೆಂದು ಏಷ್ಯಾದ ತಜ್ಞರು 2019ರಲ್ಲಿ ಗೊತ್ತುಮಾಡಿದ್ದಾರೆ.

ಈಗ ದುಡಿಮೆಯ ಭಾರಕ್ಕೆ ಬರೋಣ. ಸ್ನಾಯು ಬಿಗಿದಾಗ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಗದ್ದೆಗೆ ನೀರು ಹೋಗುವ ಕಾಲುವೆಯ ಮೇಲೆ ನಾವೇ ನಿಂತಂತೆ. ಬಿಗಿ ಬಿಟ್ಟಾಗ ರಕ್ತ ಹರಿಯುತ್ತದೆ. ಬಿಡದೆ ಹಿಡಿದರೆ ಸ್ನಾಯು ಬಾಯಾರಿ ಬೇಗನೆ ಸೋಲುತ್ತದೆ. ಜರ್ಮನಿಯ ರೋಮರ್ಟ್ ಎಂಬ ವಿದ್ವಾಂಸರು 1960ರಲ್ಲಿ ಇದರ ಲೆಕ್ಕವನ್ನು ಕೊಟ್ಟರು. ಪೂರ್ಣ ಬಲದಿಂದ ಹಿಡಿದರೆ ಕೆಲವೇ ಸೆಕೆಂಡು ನಿಲ್ಲುತ್ತದೆ. ಅರ್ಧ ಬಲದಿಂದ ಹಿಡಿದರೆ ಸುಮಾರು ಒಂದು ನಿಮಿಷ. ನೂರಕ್ಕೆ 15 ಪಾಲಿಗಿಂತ ಕಡಿಮೆ ಬಲವಾದರೆ ಬಹಳ ಹೊತ್ತು ಹಿಡಿಯಬಹುದೆಂದು ಅವರು ಹೇಳಿದರು. ಅಷ್ಟು ಕಡಿಮೆಯಾದರೂ ದಣಿವು ತಪ್ಪದೆಂದು ಮುಂದೆ ತಿಳಿದುಬಂದಿತು.

ಇದರಿಂದ ಒಂದು ವಿಷಯ ಹೊರಡುತ್ತದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಪ್ರತಿಯೊಬ್ಬ ಗಂಡಸೂ ಕೇಳಬೇಕು. ಹತ್ತು ಲೀಟರು ನೀರು ತುಂಬಿದ ಬಕೆಟ್ಟಿನ ಭಾರ ಹತ್ತು ಕಿಲೋ. 40 ಕಿಲೋ ಹಿಡಿತವುಳ್ಳ ಗಂಡಸಿಗೆ ಅದು ಅವನ ಬಲದ ಕಾಲು ಪಾಲು. ಹೆಂಗಸರ ಹಿಡಿತ ಸಾಮಾನ್ಯವಾಗಿ ಗಂಡಸರದರ ಮೂರರಲ್ಲಿ ಎರಡು ಪಾಲು, ಅಥವಾ ಇನ್ನೂ ಕಡಿಮೆ. ಲೆಕ್ಕಕ್ಕಾಗಿ 20 ಕಿಲೋ ಎಂದಿಟ್ಟುಕೊಂಡರೆ ಅದೇ ಬಕೆಟ್ಟು ಅವಳ ಬಲದ ಅರ್ಧ ಪಾಲು. ಬಕೆಟ್ಟು ಒಂದೇ, ದಾರಿಯೂ ಒಂದೇ. ಆದರೆ ಅವಳ ಕೈ ಸೋಲುವುದು ನಿಮಿಷದ ಲೆಕ್ಕದಲ್ಲಿ. ನಡುವೆ ಎರಡು ಸಲ ಕೆಳಗಿಟ್ಟು ಕೈ ಬದಲಾಯಿಸುವವಳನ್ನು ನೋಡಿ ‘ನಾಜೂಕು’ ಎಂದು ನಗುವವರು ಈ ಲೆಕ್ಕವನ್ನು ಮಾಡಿಲ್ಲ. ಕುಡುಗೋಲಿಗೂ ಇದೇ ಮಾತು, ಸಿಂಪಡಿಸುವ ಯಂತ್ರದ ಹಿಡಿಗೂ ಇದೇ ಮಾತು. ನಮ್ಮಲ್ಲಿ ಹಿಡಿಗಳನ್ನೆಲ್ಲ ಗಂಡಸರ ಕೈಗೆಂದು ಮಾಡಿ ಹೆಂಗಸರ ಕೈಗೆ ಕೊಡುತ್ತೇವೆ.

ಕೆಲಸಕ್ಕೂ ಕೆಲಸಕ್ಕೂ ವ್ಯತ್ಯಾಸವುಂಟು. ಹಾಲು ಕರೆಯುವಾಗ ಕೈ ಅಮುಕುತ್ತದೆ, ಬಿಡುತ್ತದೆ. ಬಿಟ್ಟಾಗ ರಕ್ತ ಹರಿಯುತ್ತದೆ. ಹಿಪ್ಪುನೇರಳೆ ಕಡ್ಡಿ ಕತ್ತರಿಸುವಾಗಲೂ ಹಾಗೆಯೇ. ಆದರೆ ಕೊಯ್ಲಿನಲ್ಲಿ ಬಲಗೈ ಕುಡುಗೋಲನ್ನು ಬಿಡುವುದೇ ಇಲ್ಲ, ಎಡಗೈ ತೆನೆಯ ಹಿಡಿಯನ್ನು ಬಿಡುವುದೇ ಇಲ್ಲ. ಬೆವರಿನಿಂದ ಹಿಡಿ ಜಾರತೊಡಗಿದರೆ ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ಇನ್ನೂ ಬೇಗ ಸೋಲುತ್ತೇವೆ. ಸೋತ ಕೈ ಕೆಲವು ನಿಮಿಷ ಬಿಟ್ಟರೆ ಬಹುಪಾಲು ಚೇತರಿಸಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಉಳಿದ ಬಾಕಿ ಸಂಜೆಯವರೆಗೂ, ಭಾರಿ ಕೆಲಸವಾದರೆ ಮರುದಿನದವರೆಗೂ ಸಾಗುತ್ತದೆ. ಸಾಲದ ಹಾಗೆಯೇ ಇದು: ಅಸಲು ತೀರಿಸಿದಂತೆ ಕಂಡರೂ ಬಡ್ಡಿ ಉಳಿದಿರುತ್ತದೆ.

ಸಾಲದ ಮಾತು ಬಂದದ್ದರಿಂದ ಚಿಂತೆಯ ಭಾರಕ್ಕೆ ಹೋಗೋಣ.

ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರಶಾಸ್ತ್ರದ ಪ್ರಾಧ್ಯಾಪಕರಿದ್ದರು. ಒಂದು ಬೆರಳಿನಿಂದ ತೂಕವನ್ನು ಮತ್ತೆ ಮತ್ತೆ ಎತ್ತಿಸಿ, ಪ್ರತಿಯೊಂದು ಎತ್ತುವಿಕೆಯನ್ನೂ ಕಾಗದದ ಮೇಲೆ ಗೆರೆಯಾಗಿ ಬರೆಯಿಸುವ ಯಂತ್ರವನ್ನು ಅವರು ರಚಿಸಿದರು. 1891ರಲ್ಲಿ ದಣಿವನ್ನು ಕುರಿತೇ ಒಂದು ಗ್ರಂಥವನ್ನು ಬರೆದರು. ಅವರ ಜೊತೆಯವರಾದ ಮಜ್ಜೋರ ಎಂಬವರು ವಿದ್ಯಾರ್ಥಿಗಳಿಗೆ ಗಂಟೆಗಟ್ಟಲೆ ಬಾಯಿಪರೀಕ್ಷೆ ನಡೆಸಿ ಬಂದು ಯಂತ್ರದ ಮುಂದೆ ಕುಳಿತರೆ, ಬೆಳಗ್ಗೆ ಎತ್ತಿದಷ್ಟು ಸಲ ತೂಕವನ್ನು ಎತ್ತಲಾಗುತ್ತಿರಲಿಲ್ಲ. ಬೆರಳು ಏನೂ ಕೆಲಸ ಮಾಡಿರಲಿಲ್ಲ. ಕೆಲಸ ಮಾಡಿದ್ದು ತಲೆ.

ಆದರೆ ಇಲ್ಲಿ ಸ್ವಲ್ಪ ಎಚ್ಚರಿಕೆಯಿಂದ ನಡೆಯಬೇಕು. 1998ರಲ್ಲಿ ಅಮೆರಿಕದ ಕೆಲವು ಮನಶ್ಶಾಸ್ತ್ರಜ್ಞರು, ಕೆಲವೇ ನಿಮಿಷ ಮನಸ್ಸನ್ನು ಬಿಗಿಹಿಡಿದರೂ ಸಾಕು, ಕೈಯ ಹಿಡಿತ ಬೇಗ ಸಡಿಲುತ್ತದೆಂದು ಹೇಳಿದರು. ಈ ತತ್ತ್ವ ಬಹಳ ಪ್ರಸಿದ್ಧವಾಯಿತು. 2016ರಲ್ಲಿ 23 ಪ್ರಯೋಗಶಾಲೆಗಳು ಕೂಡಿ ಅದೇ ತತ್ತ್ವವನ್ನು ಇನ್ನೊಂದು ಬಗೆಯಿಂದ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಆದ್ದರಿಂದ ಐದು ನಿಮಿಷ ಲೆಕ್ಕ ಬರೆದದ್ದಕ್ಕೆ ಕೈ ಸೋತಿತೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ದೀರ್ಘಕಾಲದ ಮನೋಭಾರದ ವಿಷಯ ಬೇರೆ. 2009ರಲ್ಲಿ ವೇಲ್ಸಿನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ 16 ಜನರಿಗೆ ಒಂದು ದಿನ 90 ನಿಮಿಷ ಎಡೆಬಿಡದೆ ಗಮನವಿಟ್ಟು ಮಾಡುವ ಕೆಲಸವನ್ನು ಕೊಟ್ಟರು, ಮತ್ತೊಂದು ದಿನ ಅಷ್ಟೇ ಹೊತ್ತು ಚಲನಚಿತ್ರ ತೋರಿಸಿದರು. ಎರಡು ದಿನವೂ ಆಮೇಲೆ ಕಷ್ಟದ ಸೈಕಲ್ ತುಳಿಸಿದರು. ಚಿತ್ರ ನೋಡಿದ ದಿನ ಸರಾಸರಿ 12 ನಿಮಿಷ 34 ಸೆಕೆಂಡು ತುಳಿದವರು, ತಲೆ ದಣಿದ ದಿನ 10 ನಿಮಿಷ 40 ಸೆಕೆಂಡಿಗೇ ಕೈಬಿಟ್ಟರು. ಹೃದಯ ಕುಂದಿರಲಿಲ್ಲ, ಉಸಿರು ಕುಂದಿರಲಿಲ್ಲ. ಅದೇ ಭಾರ ಅವರಿಗೆ ಹೆಚ್ಚು ಭಾರವೆಂದು ತೋರಿತು, ಅಷ್ಟೆ. ಇಂಥ ಪ್ರಯೋಗಗಳನ್ನೆಲ್ಲ 2017ರಲ್ಲಿ ಬ್ರಸೆಲ್ಸಿನ ವಿದ್ವಾಂಸರು ಒಟ್ಟುಗೂಡಿಸಿ ನೋಡಿದರು. ತಲೆ ದಣಿದವನಿಗೆ ಒಂದೇ ಒಂದು ಸಲ ಪೂರ್ಣ ಬಲದಿಂದ ಅಮುಕು ಎಂದರೆ ಅವನು ಎಂದಿನಂತೆಯೇ ಅಮುಕುತ್ತಾನೆ. ಹಿಡಿದುಕೊಂಡೇ ಇರು ಎಂದರೆ ಮೊದಲೇ ಬಿಡುತ್ತಾನೆ.

ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿರಿ. ಚಿಂತೆಯಿರುವವನು ಬೆಳಗ್ಗೆ ಮೂಟೆಯನ್ನು ಎತ್ತಿ ತೋರಿಸುತ್ತಾನೆ. ‘ನೋಡು, ಬಲವಿದೆ, ಮಾಡುವ ಮನಸ್ಸಿಲ್ಲ’ ಎಂದು ಮೇಸ್ತ್ರಿ ಹೇಳುತ್ತಾನೆ. ಬಲವಿರುವುದೂ ನಿಜ, ಬಾಳಿಕೆಯಿಲ್ಲದಿರುವುದೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಹಳ್ಳಿಯಲ್ಲಿ ಅಂಥ ಮನೋಭಾರ ಎಲ್ಲಿದೆ, ಅದು ಪಟ್ಟಣದ ಗುಮಾಸ್ತರ ಕಾಯಿಲೆ ಎನ್ನುವವರಿದ್ದಾರೆ. ಅವರಿಗೆ ಪಕ್ಕದ ತಮಿಳುನಾಡಿನ ಉದಾಹರಣೆಯನ್ನು ಕೊಡುತ್ತೇನೆ. ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 464 ಮಂದಿ ಕಬ್ಬಿನ ರೈತರನ್ನು ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆಗಳಿಗೆ ಒಳಪಡಿಸಿದರು. 2013ರಲ್ಲಿ ಅದರ ವರದಿ ಬಂದಿತು. ಅದೇ ರೈತ, ಅದೇ ತಲೆ. ಹಣದ ಮುಗ್ಗಟ್ಟಿನಲ್ಲಿ ತಪ್ಪುಗಳು ಹೆಚ್ಚು, ಹಣ ಬಂದ ಮೇಲೆ ಕಡಿಮೆ. ಅಲ್ಲಿ ಹಿಡಿತವನ್ನು ಅಳೆಯಲಿಲ್ಲ. ಆದರೆ ಬಡ್ಡಿ, ಕಂತು, ಬತ್ತಿದ ಕೊಳವೆಬಾವಿ, ಮಗಳ ಮದುವೆ ಇವು ತಲೆಗೆ ಹೊರಿಸುವ ಭಾರ ನಿಜವಾದ ಭಾರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಾಗಿಲ್ಲ.

ತಾಯಂದಿರ ಪಾಡು ಇನ್ನೂ ಒಂದು ತೂಕ ಹೆಚ್ಚು. ಅವರ ಎರಡು ಭಾರಗಳೂ ಒಂದೇ ಹೊತ್ತಿಗೆ ಬರುತ್ತವೆ. ಕೈ ಹಾಲು ಕರೆಯುತ್ತಿರುತ್ತದೆ; ತಲೆ ಡೈರಿಯ ಹೊತ್ತನ್ನು, ಒಲೆಯ ಮೇಲಿನ ಹಿಟ್ಟನ್ನು, ಮಗುವಿನ ಜ್ವರವನ್ನು, ಸಂಘದ ಕಂತನ್ನು ಎಣಿಸುತ್ತಿರುತ್ತದೆ. ಅಮೆರಿಕದ ಮಾರ್ಕೆಟ್ ವಿಶ್ವವಿದ್ಯಾಲಯದವರು 2009ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೊಣಕೈ ಮಡಿಸಿ ಒಂದು ಸಣ್ಣ ಭಾರವನ್ನು ತಡೆಹಿಡಿದಿರುವಾಗಲೇ ಮನಸ್ಸಿನಲ್ಲಿ ಕಷ್ಟದ ಕಳೆಯುವ ಲೆಕ್ಕವನ್ನು ಮಾಡಿಸಿದರು. ಎಲ್ಲರ ಕೈಯೂ ಬೇಗ ಸೋತಿತು. ಹೆಂಗಸರದು ಹೆಚ್ಚು ಬೇಗ. ಇದಕ್ಕೂ ಮೊದಲಿನ ಬಲಕ್ಕೂ ಸಂಬಂಧವಿತ್ತು: ಬಲ ಕಡಿಮೆ ಇದ್ದವರಿಗೆ ಲೆಕ್ಕದ ಹೊಡೆತ ಜಾಸ್ತಿ. ಅಂದರೆ ಮೇಲೆ ಹೇಳಿದ ಬಕೆಟ್ಟಿನ ಲೆಕ್ಕದಲ್ಲಿ ಸೋತವಳೇ ಇಲ್ಲಿಯೂ ಸೋಲುತ್ತಾಳೆ.

ಇದನ್ನೆಲ್ಲ ನಾನು ಏಕೆ ಇಷ್ಟು ವಿಸ್ತಾರವಾಗಿ ಹೇಳುತ್ತಿದ್ದೇನೆಂದರೆ, ನನ್ನ ವೃತ್ತದ ಒಂದು ಹಳ್ಳಿಯಲ್ಲಿ ಒಬ್ಬ ರೈತನ ಎರಡು ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಹೋದವು. ಬೆಳಗಿನಿಂದ ಅವನು ಸಾಲದ ಕಾಗದಗಳಿಗಾಗಿ ತಾಲ್ಲೂಕಿನಲ್ಲಿ ಅಲೆದಿದ್ದನು, ಕೆಲಸ ಆಗಿರಲಿಲ್ಲ. ಸಂಜೆ ಬಂದವನು ದನಗಳು ಕೂಗುತ್ತಿವೆಯೆಂದು ನೇರವಾಗಿ ಯಂತ್ರದ ಮುಂದೆ ನಿಂತನು. ಕಂತೆಯನ್ನು ಹಿಡಿದ ಕೈ ಯಾವಾಗ ಸಡಿಲಿತೋ, ಯಾವಾಗ ಜಾರಿತೋ ಅವನಿಗೇ ತಿಳಿಯಲಿಲ್ಲ. ಕುಡಿದಿದ್ದನೆಂದು ಊರಿನಲ್ಲಿ ಮಾತಾಯಿತು. ಅವನು ಕುಡಿಯುವವನಲ್ಲ. ಚಿಂತೆಯೇ ಅವನ ಬೆರಳನ್ನು ಕತ್ತರಿಸಿತೆಂದು ನಾನು ಹೇಳಲಾರೆ. ಯಂತ್ರಕ್ಕೆ ಕಾಪಿನ ತಗಡು ಇರಲಿಲ್ಲ, ಬೆಳಕೂ ಸಾಲದಾಗಿತ್ತು. ಆದರೆ ಆ ಸಂಜೆ ಆ ಕೆಲಸವನ್ನು ಬೇರೊಬ್ಬರು ಮಾಡಬಹುದಾಗಿತ್ತು. ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದರು.

ಹಾಗಾದರೆ ಏನು ಮಾಡಬೇಕು? ಚಿಂತೆಯನ್ನು ಬಿಡಿರಿ ಎಂದು ಹೇಳುವಷ್ಟು ದಡ್ಡನಲ್ಲ ನಾನು. ಬಿಡುವಂತಿದ್ದರೆ ತಾವು ಎಂದೋ ಬಿಡುತ್ತಿದ್ದಿರಿ. ಆದರೆ ಕೆಲಸವನ್ನು ಹೊಂದಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹಿಡಿತ ತಪ್ಪಿದರೆ ಅಪಾಯವಾಗುವ ಕೆಲಸಗಳು ಕೆಲವೇ: ಮರ ಹತ್ತುವುದು, ಮೇವಿನ ಯಂತ್ರ, ಒಕ್ಕಣೆ ಯಂತ್ರ, ಕಬ್ಬಿನ ಗಾಣ, ಮಚ್ಚಿನ ಕೆಲಸ. ಇವನ್ನು ಬೆಳಗಿನ ಹೊತ್ತಿಗೆ, ಕೈಯೂ ತಲೆಯೂ ಹೊಸದಾಗಿರುವಾಗ ಇಟ್ಟುಕೊಳ್ಳಿರಿ. ಕಚೇರಿಗೆ ಅಲೆದು ಬಂದ ದಿನ, ರಾತ್ರಿ ನಿದ್ದೆಗೆಟ್ಟ ದಿನ, ಮನೆಯಲ್ಲಿ ಜಗಳವಾದ ದಿನ ಬೇರೆಯವರಿಗೆ ಬಿಡಿರಿ. ಯಾರೂ ಇಲ್ಲದಿದ್ದರೆ ದನಕ್ಕೆ ಆ ಹೊತ್ತು ಕತ್ತರಿಸದ ಮೇವನ್ನೇ ಹಾಕಿರಿ, ಅದು ಉಪವಾಸ ಬೀಳುವುದಿಲ್ಲ. ಒಕ್ಕಣೆ ಯಂತ್ರದ ಅಪಾಯವನ್ನು ಕಂಡೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿದರು. ಬಾಡಿಗೆಗೆ ಬರುವ ಯಂತ್ರದ ಬಾಯಿಗೆ ಮುಚ್ಚಿದ ದೋಣಿ ಇದೆಯೇ ಎಂದು ನೋಡದೆ ಕೆಲಸ ಹಚ್ಚಬೇಡಿರಿ.

ಕೊಯ್ಲಿನಲ್ಲಿ ಮಧ್ಯಾಹ್ನ ಒಂದೇ ದೊಡ್ಡ ವಿಶ್ರಾಂತಿಗಿಂತ ನಡುನಡುವೆ ಚಿಕ್ಕ ಚಿಕ್ಕ ಬಿಡುವು ಮೇಲು. ಸಾಲಿನ ಕೊನೆಗೆ ಬಂದಾಗ ಕುಡುಗೋಲನ್ನು ನೆಲಕ್ಕಿಟ್ಟು, ಎರಡೂ ಕೈಗಳ ಬೆರಳುಗಳನ್ನು ಬಿಚ್ಚಿ ಕೆಲವು ಸಲ ಝಾಡಿಸಿ, ನೀರು ಕುಡಿದು ಮತ್ತೆ ಹಿಡಿಯಿರಿ. ಕೂಲಿ ಕೊಡುವವರು ಇದನ್ನು ಕಾಲಹರಣವೆಂದು ತಿಳಿಯಬಾರದು. ಕುಡುಗೋಲಿನ ಹಿಡಿ ಮೂರರಿಂದ ನಾಲ್ಕು ಸೆಂಟಿಮೀಟರು ದಪ್ಪವಿರಲಿ, ಹೆಂಗಸರಿಗೆ ಮೂರರ ಹತ್ತಿರ. ಹಿಡಿದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಕೂರಬೇಕು. ಜಾರುವ ಹಿಡಿಗೆ ಹಳೆಯ ಬಟ್ಟೆ ಅಥವಾ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಸಾಕು. ಮೊಂಡಾದ ಅಲಗು ಕೈಯ ಶತ್ರು. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ‘ನವೀನ್’ ಎಂಬ ಹಗುರವಾದ ಹಲ್ಲುಕುಡುಗೋಲನ್ನು ರೂಪಿಸಿದ್ದಾರೆ. ಅಂಥದೊಂದನ್ನು ನಾಲ್ಕು ಮನೆಯವರು ಸೇರಿ ತರಿಸಿ ನೋಡಬಹುದು.

ಬೀಸುವಾಗ, ನಾಟಿ ಮಾಡುವಾಗ ನಮ್ಮ ಹಿಂದಿನವರು ಪದ ಹೇಳುತ್ತಿದ್ದರು. ಭಾರ ಎಳೆಯುವಾಗ ಕೂಗು ಹಾಕುತ್ತಿದ್ದರು. 1961ರಲ್ಲಿ ಇಕಾಯಿ ಮತ್ತು ಸ್ಟೈನ್‌ಹೌಸ್ ಎಂಬ ಇಬ್ಬರು ವಿದ್ವಾಂಸರು, ಜೋರಾಗಿ ಕೂಗಿ ಎಳೆದರೆ ತೋಳಿನ ಬಲ ಹೆಚ್ಚಾಗಿ ಹೊರಬರುವುದೆಂದು ಅಳೆದು ತೋರಿಸಿದರು. ಇದನ್ನು ಓದಿದ ದಿನ ನನಗೆ ನಗು ಬಂದಿತು. ನಮ್ಮ ಅಜ್ಜಿಯರು ಯಂತ್ರವಿಲ್ಲದೆಯೇ ಕಂಡುಕೊಂಡಿದ್ದರು. ಈಗ ಹೊಲದಲ್ಲಿ ಮೊಬೈಲಿನ ಹಾಡು ಇದೆ. ಇರಲಿ, ಆದರೆ ಯಂತ್ರದ ಬಳಿ ಅದು ಬೇಡ.

ಮನೆಯಲ್ಲಿಯೇ ಮಾಡಿ ನೋಡುವುದಾದರೆ ಹೀಗೆ ಮಾಡಿರಿ. ಅರ್ಧ ಬಕೆಟ್ಟು ನೀರನ್ನು ತೋಳು ಇಳಿಬಿಟ್ಟು ಹಿಡಿದು, ಇನ್ನು ಆಗದು ಎನ್ನುವವರೆಗೆ ಎಷ್ಟು ಸೆಕೆಂಡಾಯಿತೆಂದು ಮಕ್ಕಳಿಂದ ಎಣಿಸಿರಿ. ಮರುದಿನ ಅದೇ ಹೊತ್ತಿಗೆ, ಅದೇ ಕೈಯಲ್ಲಿ ಹಿಡಿದುಕೊಂಡು, ಮುನ್ನೂರರಿಂದ ಏಳು ಏಳು ಕಳೆಯುತ್ತ ಗಟ್ಟಿಯಾಗಿ ಹೇಳಿರಿ. ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿರಿ. ನಾಲ್ಕಾರು ದಿನ ಅದಲುಬದಲು ಮಾಡಿ ಬರೆದಿಡಿರಿ. ಎದೆನೋವು, ರಕ್ತದ ಒತ್ತಡ ಇದ್ದವರು ಮಾತ್ರ ಇದನ್ನು ಮಾಡಕೂಡದು, ಬಿಗಿಹಿಡಿದಾಗ ಒತ್ತಡ ಏರುತ್ತದೆ.

ಕೈಗೆ ರಕ್ತ ಹರಿಯಬೇಕು ಎಂದೆ. ಆ ರಕ್ತದಲ್ಲಿ ಸತ್ವವೂ ಇರಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇಂಡೋನೇಷ್ಯದ ರಬ್ಬರ್ ತೋಟಗಳಲ್ಲಿ ರಕ್ತಹೀನತೆಯುಳ್ಳ ಕೂಲಿಗಳಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟಾಗ ಅವರ ದುಡಿಮೆ ಏರಿತೆಂದು 1979ರಲ್ಲಿಯೇ ಪ್ರಕಟವಾಗಿದೆ. ಕೊಯ್ಲಿಗೆ ಮುಂಚೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಸೊಪ್ಪು, ಹುರುಳಿ, ಅವರೆ, ಮೊಟ್ಟೆ ಗಂಡಸರ ಎಲೆಗೆ ಮಾತ್ರ ಬೀಳಬಾರದು.

ಕೊನೆಯದಾಗಿ ಒಂದು ಮಾತು. ಎಲ್ಲ ಸೋತ ಕೈಯೂ ದುಡಿಮೆಯಿಂದ ಸೋತದ್ದಲ್ಲ, ಚಿಂತೆಯಿಂದ ಸೋತದ್ದೂ ಅಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿಯ ಹೊತ್ತು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಲೋಟ ಕೈಜಾರಿ ಬೀಳುತ್ತಿದ್ದರೆ, ಮಣಿಕಟ್ಟಿನಲ್ಲಿ ನರ ಅದುಮಿರಬಹುದು. ಕೈಯ ಬಲ ಕುಂದುವುದರ ಜೊತೆಗೆ ಮೈಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆಯಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಲೇಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಬೇಗ ಹೋದರೆ ಕೈ ಉಳಿಯುತ್ತದೆ. ಹಿಡಿದದ್ದು ಇದ್ದಕ್ಕಿದ್ದಂತೆ ಒಂದೇ ಕೈಯಿಂದ ಜಾರಿಬಿದ್ದು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಲಕ್ವ. ಎಣ್ಣೆ ಹಚ್ಚುತ್ತ, ಪಾರಿವಾಳದ ರಕ್ತ ಹುಡುಕುತ್ತ ಹೊತ್ತು ಕಳೆಯಬೇಡಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಗಂಟೆಗೆ ಆಯಿತೆಂಬುದನ್ನು ಗುರುತು ಹಾಕಿಕೊಂಡು, 108ಕ್ಕೆ ಫೋನು ಮಾಡಿ, ತಲೆಯನ್ನು ಯಂತ್ರದಿಂದ ಪರೀಕ್ಷಿಸುವ ಅನುಕೂಲವಿರುವ ದೊಡ್ಡ ಆಸ್ಪತ್ರೆಗೇ ಕರೆದೊಯ್ಯಿರಿ.